ದೊಡ್ಡಪ್ಪನ ಮಗನ ಅತಿಥಿಗೃಹ

ಆ ಸೋಮವಾರದ ಸಭೆಯಲ್ಲಿ ನೆವಿಲ್ ಲಾಟಗನ್ ಎಂದಿನಂತೆ ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ, ಬೆಟ್ಟದಾಚೆಯ ಮೊಂಟಾಗು ಊರಿನಲ್ಲಿ ಒಂದು ಸಂಸಾರ ತನ್ನ ಸುಳ್ಳಿನೊಳಗೆ ನೆಮ್ಮದಿಯಾಗಿ ಬಾಳಿಕೊಂಡು ಹೋಗುತ್ತಿತ್ತು. ಆದರೆ ಅವನು ಬಾಯಿ ತೆರೆದ.

ವೂಸ್ಟರ್ ಪಟ್ಟಣದ ಒಣಹಣ್ಣು ಬೆಳೆಗಾರರ ಸಂಘದಲ್ಲಿ ನೆವಿಲ್ ಉಗ್ರಾಣ ನೋಡಿಕೊಳ್ಳುವವನು. ವಯಸ್ಸು ಅರವತ್ತು ದಾಟಿತ್ತು, ತಲೆ ಪೂರ್ತಿ ಬೋಳಾಗಿತ್ತು. ಹೆಂಡತಿ ಸಿಲ್ವಿಯಾ ತೀರಿಕೊಂಡ ಮೇಲೆ ಮನೆಯಲ್ಲಿ ಅವನೊಡನೆ ಮಾತಾಡುವುದು ರೇಡಿಯೋ ಒಂದೇ. ಕಚೇರಿಯಲ್ಲಿ ಎಲ್ಲರಿಗೂ ಅವನೆಂದರೆ ಇಷ್ಟ. ಇಷ್ಟವೆಂದರೆ, ಬೀರುವಿನ ಬೀಗದ ಕೈ ಬೇಕಾದಾಗ ಅವನ ನೆನಪಾಗುತ್ತಿತ್ತು. ಯಾರದಾದರೂ ಹುಟ್ಟುಹಬ್ಬ ಬಂದರೆ ಅವನಿಗೆಂದು ಕೇಕಿನ ಒಂದು ತುಂಡು ಎತ್ತಿಡುವುದನ್ನು ಅವರು ಎಂದೂ ಮರೆಯುತ್ತಿರಲಿಲ್ಲ. ಅವನನ್ನು ಕರೆಯುವುದನ್ನು ಮಾತ್ರ ಮರೆಯುತ್ತಿದ್ದರು.

ಸಂಘದ ನಿರ್ದೇಶಕಿ ನೊಮೊಂಡೆ ಸಿಗಾಬಿ ಆ ದಿನ ಸಿಬ್ಬಂದಿ ಶಿಬಿರದ ವಿಷಯ ಎತ್ತಿದ್ದಳು. ಹಿಂದಿನ ವರ್ಷದ ಶಿಬಿರದಲ್ಲಿ ಹಗ್ಗ ಜಗ್ಗಾಟವೂ ಗೋಣಿಚೀಲದ ಓಟವೂ ಸಾಂಗವಾಗಿ ನಡೆದಿದ್ದವು. ಆದರೆ ಸಂಜೆ ಮಾಂಸ ಸುಡುವ ಹೊತ್ತಿಗೆ, ಯಾರೂ ಹೇಳದೆ, ಯಾರೂ ಕೇಳದೆ, ಬಿಳಿಯರು ಒಂದು ಬೆಂಕಿಯ ಸುತ್ತಲೂ ಕರಿಯರು ಇನ್ನೊಂದು ಬೆಂಕಿಯ ಸುತ್ತಲೂ ಸೇರಿಕೊಂಡಿದ್ದರು. ಮಿಶ್ರವರ್ಣದವರು ಎರಡೂ ಕಡೆಗೆ ಸೌದೆ ಒದಗಿಸುತ್ತ ನಡುವೆ ಓಡಾಡಿದ್ದರು. ಇದು ಇಪ್ಪತ್ತೊಂದನೆಯ ಶತಮಾನಕ್ಕೆ ಶೋಭೆಯಲ್ಲ ಎಂದು ನೊಮೊಂಡೆ ತೀರ್ಮಾನಿಸಿದಳು. ಈ ವರ್ಷ ಎರಡು ದಿನ ಎಲ್ಲರೂ ಒಂದೆಡೆ ಕುಳಿತು ಈ ನಾಡಿನ ಬಣ್ಣದ ಇತಿಹಾಸವನ್ನು ಮುಖಾಮುಖಿ ನೋಡಬೇಕು. ಅದನ್ನು ನಡೆಸಿಕೊಡಲು ಕೇಪ್‌ಟೌನಿನಿಂದ ಟೆಸ್ಸಾ ಎಂಬ ತಜ್ಞೆ ಬರುತ್ತಾಳೆ. ಜನರನ್ನು ಕ್ರಮಬದ್ಧವಾಗಿ ಅಳಿಸಿ, ಕ್ರಮಬದ್ಧವಾಗಿ ಸಮಾಧಾನ ಮಾಡುವುದರಲ್ಲಿ ಟೆಸ್ಸಾ ತರಬೇತಿ ಪಡೆದವಳು.

ಒಂದೇ ತೊಡಕು: ದ್ರಾಕ್ಷಿ ಸುಗ್ಗಿಯ ಕಾಲವಾದ್ದರಿಂದ ಎಲ್ಲಿಯೂ ಜಾಗವಿರಲಿಲ್ಲ. ಹಾಗಾದರೆ ಶಿಬಿರ ಬಿಟ್ಟುಬಿಡೋಣ ಎಂದು ನೊಮೊಂಡೆ ನಿಟ್ಟುಸಿರಿಟ್ಟಳು. ಕೆಲವರ ಮುಖದಲ್ಲಿ ಬೆಳಕು ಮೂಡಿತು. ನೆವಿಲ್‌ನ ಎದೆ ಮಾತ್ರ ಕುಸಿಯಿತು. ಯಾರಾದರೊಬ್ಬರು ತನ್ನ ಎದುರು ಕುಳಿತು ತನ್ನೊಡನೆ ಮಾತಾಡಲೇಬೇಕೆಂದು ಕಾರ್ಯಕ್ರಮದಲ್ಲಿಯೇ ನಮೂದಾಗಿದ್ದ ಎರಡು ದಿನಗಳು ಅವು. ಅವನು ಆಗಲೇ ಹೊಸ ಅಂಗಿ ಕೊಂಡಿಟ್ಟಿದ್ದ.

“ಮೊಂಟಾಗುವಿನಲ್ಲಿ ನಮ್ಮ ದೊಡ್ಡಪ್ಪನ ಮಗನ ಅತಿಥಿಗೃಹ ಇದೆ” ಎಂದ ನೆವಿಲ್. “ಅಣ್ಣನಿಗೆ ನಾನೊಂದು ಮಾತು ಹೇಳಿದರೆ ಸಾಕು.”

ಇಡೀ ಸಭೆ ಅವನತ್ತ ತಿರುಗಿತು. ಬೀಗದ ಕೈಗಾಗಿ ಅಲ್ಲದೆ ಅವನತ್ತ ಇಷ್ಟು ಜನ ಒಟ್ಟಿಗೆ ತಿರುಗಿದ್ದು ಅದೇ ಮೊದಲು.

ಅವನ ಮಾತಿನ ಮೊದಲರ್ಧ ಪೂರ್ತಿ ನಿಜ. ಹೆರ್ಮನ್ ಲಾಟಗನ್ ಅವನ ದೊಡ್ಡಪ್ಪನ ಮಗನೇ. ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ ಬೆಳೆದವರು. ನೆವಿಲ್‌ಗೆ ಹನ್ನೊಂದು ತುಂಬಿದ ವರ್ಷ ಸರಕಾರದ ಅಧಿಕಾರಿಯೊಬ್ಬ ಮನೆಗೆ ಬಂದ. ಯಾರು ಯಾವ ಬಣ್ಣದವರೆಂದು ದಾಖಲಿಸುವುದು ಅವನ ಹುದ್ದೆ. ಅದಕ್ಕೆ ಸರಕಾರ ಒಪ್ಪಿದ್ದ ಉಪಕರಣ, ಒಂದು ಪೆನ್ಸಿಲ್. ಅದನ್ನು ತಲೆಗೂದಲಿಗೆ ಸಿಕ್ಕಿಸಿ ತಲೆ ಅಲ್ಲಾಡಿಸಲು ಹೇಳುವುದು. ಕೆಳಗೆ ಬಿದ್ದರೆ ಬಿಳಿಯ, ಅಲ್ಲಿಯೇ ನಿಂತರೆ ಮಿಶ್ರವರ್ಣ. ದೊಡ್ಡಪ್ಪನ ತಲೆಯಿಂದ ಪೆನ್ಸಿಲ್ ಬಿತ್ತು, ಹೆರ್ಮನ್‌ನ ತಲೆಯಿಂದಲೂ ಬಿತ್ತು. ನೆವಿಲ್‌ನ ತಂದೆಯ ತಲೆಯಲ್ಲಿ ಅದು ಗೂಟ ಹೊಡೆದ ಹಾಗೆ ನಿಂತುಕೊಂಡಿತು. ಆ ವಾರವೇ ದೊಡ್ಡಪ್ಪನ ಮನೆಯವರು ರೈಲು ಹತ್ತಿ ಬೇರೆ ಊರಿಗೆ, ಬೇರೆ ಬಣ್ಣಕ್ಕೆ ಹೋದರು.

ಹಾಗೆ ಹೋದವರು ಆ ಕಾಲದಲ್ಲಿ ಪ್ರತಿ ಬೀದಿಯಲ್ಲಿಯೂ ಇದ್ದರು. ಹಿಂದೆ ಉಳಿದವರು ಪಾಲಿಸಬೇಕಾದ ಧರ್ಮವೂ ಒಂದಿತ್ತು: ಅವರು ದಾರಿಯಲ್ಲಿ ಎದುರಾದರೆ ಮಾತಾಡಿಸಬಾರದು. ನಾವು ಕೈಯೆತ್ತಿದರೆ ಅವರ ಮನೆ, ಶಾಲೆ, ನೌಕರಿ ಎಲ್ಲ ಹೋದೀತು. ಕಂಡೂ ಕಾಣದಂತೆ ದಾಟಿಹೋಗುವುದೇ ಅವರಿಗೆ ನಾವು ಕೊಡಬಹುದಾಗಿದ್ದ ಒಂದೇ ಉಡುಗೊರೆ. ಕಾನೂನು ಸತ್ತು ವರ್ಷಗಳು ಉರುಳಿದ ಮೇಲೂ ನೆವಿಲ್ ಆ ಉಡುಗೊರೆಯನ್ನು ಹಿಂದಕ್ಕೆ ಕೇಳಿರಲಿಲ್ಲ. ಹಲ್ಲಿನ ಡಾಕ್ಟರ ಕೋಣೆಯಲ್ಲಿ ಕುಳಿತಾಗ ಪ್ರವಾಸದ ಪತ್ರಿಕೆಯೊಂದರಲ್ಲಿ ಅತಿಥಿಗೃಹದ ಚಿತ್ರವನ್ನೂ ಅದರ ಮುಂದೆ ನಿಂತ ಹೆರ್ಮನ್‌ನ ಅಗಲವಾದ ಕಿವಿಗಳನ್ನೂ ಕಂಡಿದ್ದ, ಅಷ್ಟೆ. ಲಾಟಗನ್ ವಂಶದಲ್ಲಿ ಈಗ ಭೂಮಿಯ ಮೇಲೆ ಉಳಿದಿದ್ದವರು ಆ ಕಿವಿಗಳು ಮತ್ತು ತಾನು.

ಅಂದು ಸಂಜೆಯೇ ಫೋನು ಮಾಡಿದ. ಎತ್ತಿದ್ದು ಹೆರ್ಮನ್ ಅಲ್ಲ, ಅವನ ಹೆಂಡತಿ ಮಾರ್ಟಿ. ಗಾಬರಿಯಲ್ಲಿ ನೆವಿಲ್‌ನ ಬಾಯಿಂದ ಹೊರಟದ್ದು ಅವನ ಬೀದಿಯ ಧಾಟಿಯಲ್ಲ; ದಿನವೂ ಕೇಳಿ ಕೇಳಿ ರೂಢಿಯಾಗಿದ್ದ, ರೇಡಿಯೋದಲ್ಲಿ ಹವಾಮಾನ ಓದುವ ಬಿಳಿಯನ ಧಾಟಿ. ತಾನು ಹೆರ್ಮನ್‌ನ ಚಿಕ್ಕಪ್ಪನ ಮಗ, ನೆವಿಲ್ ಲಾಟಗನ್ ಎಂದು ಅವನು ಗಂಭೀರವಾಗಿ ಪ್ರಸಾರ ಮಾಡಿದ.

ಆ ತುದಿಯಿಂದ ಮೂಗು ಸೀಟುವ ಶಬ್ದ ಕೇಳಿಸಿತು.

“ಇಷ್ಟು ವರ್ಷ ಎಲ್ಲಿ ಹೋಗಿದ್ರಿ ನೀವು?” ಎಂದಳು ಮಾರ್ಟಿ. “ನಮ್ಮವರು ಅಂತ ಒಬ್ಬರೂ ಉಳಿದಿಲ್ಲ ಅಂತಾರೆ ನಮ್ಮೆಜಮಾನ್ರು. ನನ್ನ ಕಡೆಯವರು ಬಂದಾಗಲೆಲ್ಲ ಮೂಲೆ ಹಿಡಿದು ಕೂರ್ತಾರೆ. ಆಸ್ಟ್ರೇಲಿಯಾದಲ್ಲಿದ್ರಾ?”

ಆ ದೇಶದ ಬಿಳಿಯರಲ್ಲಿ ಕಾಣೆಯಾದ ಬಂಧುಗಳೆಲ್ಲ ಆಸ್ಟ್ರೇಲಿಯಾದಲ್ಲಿಯೇ ಇರುತ್ತಾರೆ. ನೆವಿಲ್ ಹೂಂ ಎಂದ. ಅಲ್ಲಿ ಬಿಸಿಲು ಹೆಚ್ಚೇ ಎಂದು ಕೇಳಿದಳು, ಹೆಚ್ಚು ಎಂದ. ತಾನು ಈಗ ವೂಸ್ಟರಿನ ಸಂಘದಲ್ಲಿರುವುದನ್ನೂ ಶಿಬಿರದ ಅವಸರವನ್ನೂ ಹೇಳಿದ. ಮಾರ್ಟಿ ಮರುಮಾತಿಲ್ಲದೆ ಎಲ್ಲ ಕೋಣೆಗಳನ್ನೂ ಬಿಟ್ಟುಕೊಟ್ಟಳು. ಒಂದೇ ಷರತ್ತು: ಈ ಸಂಗತಿ ಗಂಡನಿಗೆ ತಿಳಿಯಬಾರದು. ಅವನು ಬಾಗಿಲು ತೆಗೆದಾಗ ತಮ್ಮ ಎದುರು ನಿಂತಿರಬೇಕು, ಆ ಮುಖವನ್ನು ತಾನು ನೋಡಬೇಕು. ಗುರುತು ಹೇಗೆ ಹಿಡಿಯಲಿ ಎಂದು ಕೇಳಿದಳು. ಬಸ್ಸಿನಲ್ಲಿ ಎಲ್ಲರಿಗಿಂತ ಮುದುಕ, ತಲೆ ಬೋಳು ಎಂದ ನೆವಿಲ್. ಅತಿಮುಖ್ಯವಾದ ಗುರುತೊಂದನ್ನು ಮಾತ್ರ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ಫೋನು ಇಟ್ಟ ಮೇಲೆ ಅವನಿಗೆ ಹೊಳೆಯಿತು. ತಾನು ಯಾವ ಬಣ್ಣದ ಬೀದಿಯಿಂದ ಬಂದವನೆಂದು ಹೆರ್ಮನ್ ಹೆಂಡತಿಗೂ ಹೇಳಿಲ್ಲ.

ಮರುದಿನದಿಂದ ನೆವಿಲ್ ಶಿಬಿರವನ್ನು ತಪ್ಪಿಸುವ ಕಾರ್ಯದಲ್ಲಿ ತೊಡಗಿದ. ಅತಿಥಿಗೃಹದ ನಲ್ಲಿಗಳು ಒಡೆದಿವೆಯಂತೆ ಎಂದ. ಅಜ್ಜಿಯರ ಹಾಗೆ ನೀರು ಹೊತ್ತು ತರೋಣ, ಇತಿಹಾಸ ಮೈಗೆ ಹತ್ತುತ್ತದೆ ಎಂದು ನೊಮೊಂಡೆ ಇನ್ನಷ್ಟು ಉತ್ಸಾಹಗೊಂಡಳು. ಹಾವುಗಳ ಕಾಟವಂತೆ ಎಂದ. ಲೆಕ್ಕಪತ್ರ ವಿಭಾಗದ ಫ್ರಿಕ್ ಸ್ಟಾಂಡರ್, ಬಿಳಿಯ ರೈತಕುಲದವನು, ಕಚೇರಿಯಲ್ಲಿ ಉಳಿದಿದ್ದ ಏಕೈಕ ಹಳೆಯ ಬೋಯರ್, ತಾನು ಕೋಲು ತರುತ್ತೇನೆಂದು ಸಂತೋಷದಿಂದ ಒಪ್ಪಿಕೊಂಡ. ಕೊನೆಗೆ ಅಣ್ಣನಿಗೆ ಸಿಡುಬಿನಂಥದ್ದೇನೋ ಎಂದಾಗ ಟೆಸ್ಸಾ ಫೋನಿನಲ್ಲಿಯೇ ಅವನನ್ನು ಸಂತೈಸಿದಳು.

“ನೆವಿಲ್ ಅಂಕಲ್, ನಿಮಗೆ ಭಯ ಆಗ್ತಿದೆ. ಭಯ ಆಗೋದು ಒಳ್ಳೆಯ ಲಕ್ಷಣ” ಎಂದಳು. ಹಾಗೆಂದವಳೇ ಕಾರ್ಯಕ್ರಮದ ಮೊದಲ ಸಾಲಿನಲ್ಲಿ ‘ಲಾಟಗನ್ ಕುಟುಂಬದಿಂದ ಸ್ವಾಗತ’ ಎಂದು ಸೇರಿಸಿದಳು.

ಪಕ್ಕದ ಮನೆಯ ಗಲೀಮಾ ನೆವಿಲ್‌ನ ಜತೆಗೇ ಆ ಬೀದಿಯಲ್ಲಿ ಬೆಳೆದವಳು. ಭಾನುವಾರ ಬೆಳಗ್ಗೆ ಕೊಬ್ಬರಿಯಲ್ಲಿ ಹೊರಳಿಸಿದ ಬಿಸಿ ಸಿಹಿತಿಂಡಿ ತಂದುಕೊಟ್ಟಾಗ, ಅವನು ಕನ್ನಡಿಯ ಮುಂದೆ ನಿಂತು ಕೈ ಕುಲುಕುವುದನ್ನು ಅಭ್ಯಾಸ ಮಾಡುತ್ತಿದ್ದ. ಸಂಗತಿ ತಿಳಿದು ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

“ಅವನು ನಿನ್ನನ್ನ ಆಳು ಅಂದ್ಕೊಂಡು, ಕಾರು ನಿಲ್ಲಿಸಿ ಬಾ ಅಂತ ಬೀಗದ ಕೈ ಕೊಡ್ತಾನೆ. ಇಸ್ಕೊಂಡು ನಿಲ್ಲಿಸಿ ಬಾ.”

“ಕೊಟ್ಟರೆ ಕೊಡ್ಲಿ. ನಾನು ಏನೂ ಕೇಳಲ್ಲ.”

“ಕೇಳಲ್ಲ ಅನ್ನೋನು ಹೊಸ ಅಂಗಿ ಯಾಕೆ ಇಸ್ತ್ರಿ ಮಾಡ್ತೀಯೋ? ಒಂದು ಸಲ ‘ತಮ್ಮ’ ಅನ್ನಲಿ ಅಂತ ತಾನೇ?”

ನೆವಿಲ್ ತಿಂಡಿ ಚೆನ್ನಾಗಿದೆ ಎಂದ. ಇನ್ನೂ ಬಾಯಿಗೇ ಹಾಕಿಲ್ಲ ಎಂದು ಅವಳು ತೋರಿಸಿಕೊಟ್ಟಳು.

ಶಿಬಿರದ ಬೆಳಗ್ಗೆ ಬಸ್ಸು ಬೆಟ್ಟದ ಸಂದಿ ದಾಟಿ ಮೊಂಟಾಗು ಸೇರಿತು. ಅತಿಥಿಗೃಹದ ಮೆಟ್ಟಿಲ ಮೇಲೆ ಹೂಗುಚ್ಛ ಹಿಡಿದು, ಕಸೂತಿಯ ಏಪ್ರನ್ ಕಟ್ಟಿ, ಗುಂಡಗಿನ ಹೆಂಗಸೊಬ್ಬಳು ತುದಿಗಾಲಲ್ಲಿ ನಿಂತಿದ್ದಳು. ನೆವಿಲ್ ಕೊನೆಯ ಸೀಟಿನಲ್ಲಿದ್ದ. ಟೆಸ್ಸಾಳ ದೊಡ್ಡ ಕಾಗದದ ಸುರುಳಿಗಳನ್ನು ಹೊರುವ ಗೌರವ ಅವನದಾಗಿತ್ತು. ಮಂಡಿನೋವೆಂದು ಮುಂದಿನ ಸೀಟು ಹಿಡಿದಿದ್ದ ಫ್ರಿಕ್ ಸ್ಟಾಂಡರ್ ಎಲ್ಲರಿಗಿಂತ ಮೊದಲು ಕೆಳಗಿಳಿದ. ಇಳಿದವನೇ ಬಿಸಿಲಿಗೆ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ. ಫ್ರಿಕ್‌ನ ತಲೆಯೂ ಬೋಳು.

ಮಾರ್ಟಿ ಹೂಗುಚ್ಛದ ಸಮೇತ ಅವನ ಎದೆಗೆ ಬಿದ್ದಳು.

“ಬಂದ್ರಾ ಬಂಧು, ಅಂತೂ ಬಂದ್ರಾ” ಎಂದು ಅವನ ಬೆನ್ನು ಸವರಿದಳು. “ಕಿವಿ ಬೇರೆ ಆದರೂ ಮೂಗು ಅದೇ.”

ಹಳೆಯ ಬೋಯರ್ ಮನೆಗಳಲ್ಲಿ ಗುರುತು ಪರಿಚಯವಿಲ್ಲದವರನ್ನೂ ಬಂಧು ಎಂದೇ ಕರೆಯುವುದು ಮರ್ಯಾದೆ. ಫ್ರಿಕ್‌ಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಮೂಗಿನ ವಿಷಯ ಕೊಂಚ ಹೆಚ್ಚಾಯಿತೆನಿಸಿದರೂ, ಯಾರೂ ತಬ್ಬಿಕೊಂಡು ಬಹಳ ಕಾಲವಾಗಿದ್ದುದರಿಂದ, ಅವನು ಕಣ್ಣು ಮುಚ್ಚಿ ನಿಂತ. ಹಿಂದೆ ಇಳಿದವರು ಎಂಥ ಆದರ ಎಂದು ಮೆಚ್ಚಿಕೊಂಡರು. ವಿಷಯ ತಿಳಿದವನು ಒಬ್ಬನೇ. ಅವನು ಕಾಗದದ ಸುರುಳಿಗಳ ಮರೆಯಲ್ಲಿದ್ದ.

ಗಲಾಟೆ ಕೇಳಿ ಹೆರ್ಮನ್ ಹೊರಬಂದ. ಎತ್ತರದ ಆಳು, ಬೆಳ್ಳನೆಯ ಮೀಸೆ, ಅದೇ ಅಗಲವಾದ ಕಿವಿಗಳು. ಮಾರ್ಟಿ ಫ್ರಿಕ್‌ನನ್ನು ತೋಳು ಹಿಡಿದು ಮುಂದಕ್ಕೆಳೆದು, ಯಾರು ಬಂದಿದ್ದಾರೆ ನೋಡಿ, ನಿಮ್ಮ ಚಿಕ್ಕಪ್ಪನ ಮಗ, ಎಂದು ಗಂಡನ ಕಿವಿಯಲ್ಲಿ ಉಸುರಿದಳು. ಹೆರ್ಮನ್ ಫ್ರಿಕ್‌ನ ಮುಖ ನೋಡಿದ. ಆ ಮುಖವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಆಮೇಲೆ ಅವನ ನೋಟ ಫ್ರಿಕ್‌ನ ಭುಜದಾಚೆಗೆ ಸರಿಯಿತು. ಅಲ್ಲಿ ಸುರುಳಿಗಳ ನಡುವಿನಿಂದ ಎರಡು ಕಣ್ಣುಗಳು ಅವನನ್ನು ನೋಡುತ್ತಿದ್ದವು. ಆ ಕಣ್ಣುಗಳ ಗುರುತು ಹೆರ್ಮನ್‌ಗೆ ಸಿಕ್ಕಿತು ಎಂಬುದರಲ್ಲಿ ಸಂದೇಹವಿಲ್ಲ, ಏಕೆಂದರೆ ಅವನ ಮುಖದಿಂದ ರಕ್ತ ಇಳಿದುಹೋಯಿತು.

ಮನುಷ್ಯನ ಗುಣವನ್ನು ಅಳೆಯಲು ಇಂಥ ಒಂದು ಗಳಿಗೆ ಸಾಕು ಎನ್ನುತ್ತಾರೆ. ಹೆರ್ಮನ್ ಮುಂದೆ ಬಂದು ಫ್ರಿಕ್‌ನ ಎರಡೂ ಕೈಗಳನ್ನು ಹಿಡಿದುಕೊಂಡ.

“ತಮ್ಮಾ, ಎಷ್ಟು ಕಾಲ ಆಯ್ತಪ್ಪ” ಎಂದ.

ಯಾವುದೋ ಕುರಿ ಸಂತೆಯಲ್ಲಿ ಭೇಟಿಯಾಗಿರಬೇಕು, ತಾನು ಮರೆತದ್ದು ಗೊತ್ತಾದರೆ ಬೇಸರಪಟ್ಟುಕೊಂಡಾನು ಎಂದು ಫ್ರಿಕ್ ಬಹಳ ಕಾಲವಾಯಿತೆಂದು ಒಪ್ಪಿಕೊಂಡ. ನೆವಿಲ್ ಇಬ್ಬರ ಪಕ್ಕದಿಂದಲೇ ಹಾದು, ಸುರುಳಿಗಳನ್ನು ಎಲ್ಲಿಡಬೇಕೆಂದು ಯಾರನ್ನೋ ಕೇಳುತ್ತ ಒಳಗೆ ಹೋದ. ಕಂಡೂ ಕಾಣದಂತೆ ದಾಟುವ ವಿದ್ಯೆಯನ್ನು ಅವನು ಮರೆತಿರಲಿಲ್ಲ. ಆದರೆ ಆ ಮಾತು ಇಷ್ಟು ಸಲೀಸಾಗಿ ಅಣ್ಣನ ಬಾಯಿಂದ ಬರುತ್ತದೆಂದೂ, ಅದು ಲೆಕ್ಕಪತ್ರ ವಿಭಾಗಕ್ಕೆ ಹೋಗುತ್ತದೆಂದೂ ಅವನು ಎಣಿಸಿರಲಿಲ್ಲ.

ಚಹದ ಹೊತ್ತಿನಲ್ಲಿ ಫ್ರಿಕ್‌ಗೆ ಮೇಜಿನ ತಲೆಗೆ ಕುರ್ಚಿ, ದಿಂಬು, ಹಾಲಿನ ಟಾರ್ಟಿನ ದೊಡ್ಡ ಹೋಳು. ಮೈದುನನಿಗೆ ಸಕ್ಕರೆ ಎಷ್ಟು ಎಂದು ಮಾರ್ಟಿ ಕೇಳುತ್ತಿದ್ದಳು, ಆಸ್ಟ್ರೇಲಿಯಾದ ಬಿಸಿಲಿನ ಬಗ್ಗೆ ಕನಿಕರಿಸುತ್ತಿದ್ದಳು. ಫ್ರಿಕ್ ಅಲ್ಲಿಗೆ ಹೋದವನಲ್ಲ. ಆದರೂ ಬಿಸಿಲನ್ನು ಕುರಿತು ಯಾರ ಜತೆಗಾದರೂ ಒಮ್ಮತಕ್ಕೆ ಬರಬಲ್ಲವನಾಗಿದ್ದ. ನೆವಿಲ್‌ಗೆ ಕಿಟಕಿಯ ಪಕ್ಕ ಒಂದು ಸ್ಟೂಲು ಸಿಕ್ಕಿತು. ನಿಮ್ಮ ಅಣ್ಣ ಎಲ್ಲಿ, ಪರಿಚಯ ಮಾಡಿಸಿ ಎಂದು ನೊಮೊಂಡೆ ಎರಡು ಸಲ ಕೇಳಿದಳು. ಅಡುಗೆಮನೆಯ ಕೆಲಸದಲ್ಲಿದ್ದಾನೆ ಎಂದ ನೆವಿಲ್. ಅಡುಗೆಮನೆಯಲ್ಲಿದ್ದ ಇಬ್ಬರು ಮಿಶ್ರವರ್ಣದ ಕೆಲಸಗಾರರಲ್ಲಿ ಯಾರಿರಬಹುದೆಂದು ನೊಮೊಂಡೆ ಗೌರವದಿಂದ ಇಣುಕಿ ನೋಡಿದಳು.

ಟೆಸ್ಸಾ ಚಪ್ಪಾಳೆ ತಟ್ಟಿ ಎಲ್ಲರನ್ನೂ ಅಂಗಳಕ್ಕೆ ಕರೆದಳು. ಅವಳ ಕೈಯಲ್ಲೊಂದು ಟೊಪ್ಪಿಗೆ, ಅದರೊಳಗೆ ಮಡಿಸಿದ ಚೀಟಿಗಳು. ಅರ್ಧದಲ್ಲಿ ‘ಬಿಳಿಯರು’, ಇನ್ನರ್ಧದಲ್ಲಿ ‘ಬಿಳಿಯರಲ್ಲದವರು’. ಬಿಳಿಯರು ಮುಂಬಾಗಿಲಿಂದ ಪಡಸಾಲೆಗೆ ಹೋಗಿ ಪಿಂಗಾಣಿ ಬಟ್ಟಲಲ್ಲಿ ಕಾಫಿ ಕುಡಿಯಬೇಕು; ಉಳಿದವರು ಮನೆ ಸುತ್ತಿ ಹಿತ್ತಿಲಲ್ಲಿ ನಿಂತು ತಗಡಿನ ಲೋಟದಲ್ಲಿ. ಆಮೇಲೆ ವರ್ತುಲದಲ್ಲಿ ಕುಳಿತು ಏನನಿಸಿತೆಂದು ಹೇಳಬೇಕು. ಮನೆಯೊಡತಿಯೂ ಯಜಮಾನರೂ ಸೇರಿದರೆ ಸಂಖ್ಯೆ ಸರಿಹೋಗುತ್ತದೆ ಎಂದಳು. ಹೆರ್ಮನ್ ಒಲೆಯ ನೆಪ ಹೇಳಿದ. ಒಲೆಗೆ ಕೆಲಸದವರಿದ್ದಾರೆ ಎಂದು ಮಾರ್ಟಿ ಅವನ ಕೈಯನ್ನು ಹಿಡಿದು ಟೊಪ್ಪಿಗೆಯೊಳಗೆ ತೂರಿಸಿದಳು.

ನೆವಿಲ್‌ಗೆ ಬಂದದ್ದು ‘ಬಿಳಿಯರು’.

ಹೆರ್ಮನ್ ಚೀಟಿ ಬಿಡಿಸಿ, ಹಾಗೆಯೇ ಮುಷ್ಟಿಯಲ್ಲಿ ಮುಚ್ಚಿಕೊಂಡ. ಮಾರ್ಟಿ ಇಣುಕಿ ನೋಡಿಬಿಟ್ಟಳು. ನಮ್ಮೆಜಮಾನ್ರಿಗೆ ಹಿತ್ತಿಲ ಬಾಗಿಲು ಬಂತು ಎಂದು ಅಂಗಳಕ್ಕೆಲ್ಲ ಕೇಳುವಂತೆ ನಕ್ಕಳು, ಎಲ್ಲರೂ ನಕ್ಕರು. ಸಾಲು ಚದುರುವ ಗದ್ದಲದಲ್ಲಿ ನೆವಿಲ್ ಅವನ ಪಕ್ಕಕ್ಕೆ ಸರಿದ. ಐವತ್ತು ವರ್ಷಗಳ ಮೇಲೆ ಅಣ್ಣನಿಗೆ ಅವನಾಡಿದ ಮೊದಲ ಮಾತು ಇದು:

“ಬದಲಾಯಿಸ್ಕೊಳ್ಳೋಣ್ವಾ?”

ಹೆರ್ಮನ್ ಅವನ ಕಡೆ ನೋಡದೆಯೇ ಕೈ ಚಾಚಿದ. ಚೀಟಿಗಳು ಕೈ ಬದಲಿಸುವಷ್ಟರಲ್ಲಿ ಟೆಸ್ಸಾ ಹಾಜರಾದಳು. ಅವಳ ಕಣ್ಣು ಬಲು ಚುರುಕು.

“ಅಂಕಲ್, ಅದೆಲ್ಲ ಆಗಲ್ಲ. ಆ ಕಾಲದಲ್ಲಿ ಹೀಗೆ ಬದಲಾಯಿಸ್ಕೊಳ್ಳೋಕೆ ಆಗ್ತಿತ್ತಾ, ಹೇಳಿ?”

ಇಬ್ಬರು ಮುದುಕರೂ ನೆಲ ನೋಡಿದರು. ಹೆರ್ಮನ್ ಮನೆ ಸುತ್ತಿ ಹಿತ್ತಿಲಿಗೆ ಹೋದ. ನೆವಿಲ್ ಮುಂಬಾಗಿಲಿಂದ ಒಳಹೋಗಿ, ಪಿಂಗಾಣಿ ಬಟ್ಟಲಿನ ಕಾಫಿಯನ್ನು ಒಂದು ಗುಟುಕೂ ಕುಡಿಯದೆ ಹಿಡಿದು ನಿಂತ. ಕಿಟಕಿಯಲ್ಲಿ ಹಿತ್ತಿಲು ಕಾಣುತ್ತಿತ್ತು. ಎಲ್ಲರೂ ತಗಡಿನ ಲೋಟ ಹಿಡಿದು ಹರಟುತ್ತಿದ್ದರು. ಹೆರ್ಮನ್ ಮಾತ್ರ ಗೋಡೆಗೆ ಮುಖ ಮಾಡಿದ್ದ.

ಪಡಸಾಲೆಯಲ್ಲಿ ವರ್ತುಲ ಆರಂಭವಾಯಿತು. ಪಿಂಗಾಣಿ ಬಟ್ಟಲು ಹಿಡಿದು ಬಹಳ ನಾಚಿಕೆಯಾಯಿತೆಂದು ಗುಮಾಸ್ತೆಯೊಬ್ಬಳು ಅತ್ತಳು. ತಗಡಿನ ಲೋಟದಲ್ಲಿ ಕಾಫಿ ಬಿಸಿಯಾಗಿಯೇ ಉಳಿಯುತ್ತದೆಂದು ಲಾರಿ ಚಾಲಕನೊಬ್ಬ ವರದಿ ಮಾಡಿದ. ಟೆಸ್ಸಾ ಎಲ್ಲವನ್ನೂ ದೊಡ್ಡ ಕಾಗದದ ಮೇಲೆ ಬರೆದುಕೊಂಡು ಹೆರ್ಮನ್‌ನತ್ತ ತಿರುಗಿದಳು. ಹಿತ್ತಿಲಲ್ಲಿ ಇವರು ಯಾರ ಜತೆಯೂ ಮಾತಾಡಲಿಲ್ಲ. ಇಂಥ ಪ್ರತಿರೋಧ ಸಹಜ, ಅದನ್ನು ಪ್ರೀತಿಯಿಂದ ಬಿಚ್ಚೋಣ ಎಂದಳು. ಆ ವರ್ಷಗಳಲ್ಲಿ ನಿಮ್ಮ ಕುಟುಂಬ ಯಾವ ಕಡೆ ನಿಂತಿತ್ತು, ನಿಮ್ಮವರು ಯಾರು, ಏನು ಮಾಡುತ್ತಿದ್ದರು, ನೆನಪಿದ್ದಷ್ಟು ಹೇಳಿ.

ಹೆರ್ಮನ್‌ನ ಮೀಸೆಯ ಮೇಲೆ ಬೆವರು ಮೂಡಿತು. ಗಂಡನ ಸಂಕಟ ನೋಡಲಾರದೆ ಮಾರ್ಟಿ ಮಧ್ಯೆ ಬಂದಳು: ಅವರಿಗೆ ಮಾತು ಬರುವುದಿಲ್ಲ, ತಮ್ಮ ಇದ್ದಾರಲ್ಲ, ಅವರೇ ಮನೆತನದ ಕಥೆ ಹೇಳಲಿ. ಹಾಗೆಂದು ಫ್ರಿಕ್‌ನ ಮಂಡಿ ತಟ್ಟಿದಳು.

ಫ್ರಿಕ್ ಟಾರ್ಟಿನ ತಟ್ಟೆ ಕೆಳಗಿಟ್ಟ.

“ನಾನಾ? ನಮ್ಮವರೆಲ್ಲ ಅಪಿಂಗ್‌ಟನ್ ಕಡೆಯ ಸ್ಟಾಂಡರ್‌ಗಳು ತಂಗಿ. ಲಾಟಗನ್ ಅಂದರೆ ನಮ್ಮ ಉಗ್ರಾಣದ ನೆವಿಲ್.”

“ಹೌದು, ಈ ಅತಿಥಿಗೃಹ ತನ್ನ ದೊಡ್ಡಪ್ಪನ ಮಗನದು ಅಂದದ್ದು ನೆವಿಲ್ ಅಂಕಲ್ ತಾನೇ” ಎಂದಳು ನೊಮೊಂಡೆ. ಮಾತು ಮುಗಿಯುವ ಮೊದಲೇ ಅದರ ತೂಕ ತಿಳಿದವಳಂತೆ ದನಿ ತಗ್ಗಿಸಿದಳು.

ಕಾರ್ಯಕ್ರಮದ ಪ್ರಕಾರ ಇತಿಹಾಸದ ಮುಖಾಮುಖಿ ಮಧ್ಯಾಹ್ನದ ಊಟವಾದ ಮೇಲೆ ಇತ್ತು. ಅದು ಊಟಕ್ಕೆ ಮುಂಚೆಯೇ ಬಂದು ವರ್ತುಲದ ನಡುವೆ ಕುಳಿತುಬಿಟ್ಟದ್ದರಿಂದ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಎಲ್ಲರ ಕಣ್ಣುಗಳೂ ನೆವಿಲ್‌ನ ಮುಖದಿಂದ ಹೆರ್ಮನ್‌ನ ಮುಖಕ್ಕೆ, ಅಲ್ಲಿಂದ ನೆವಿಲ್‌ನ ಮುಖಕ್ಕೆ ಓಡಾಡಿದವು. ಮಾರ್ಟಿಯ ಕಣ್ಣುಗಳು ಮಾತ್ರ ಒಂದೇ ಕಡೆ ನಿಂತಿದ್ದವು, ಹೆರ್ಮನ್‌ನ ಮೇಲೆ.

ನೆವಿಲ್ ಎದ್ದು ನಿಂತ. ಬಂದದ್ದೇ ಒಂದು ಮಾತಿನ ಆಸೆಗೆ. ಈಗ ಸುಮ್ಮನೆ ಕುಳಿತಿದ್ದರೂ ಸಾಕಾಗಿತ್ತು, ಅದು ತ‌ನ್ನಷ್ಟಕ್ಕೆ ಕೈಗೆ ಬೀಳುತ್ತಿತ್ತು.

“ನಾನು ಸುಳ್ಳು ಹೇಳಿದೆ” ಎಂದ. “ಪತ್ರಿಕೆಯಲ್ಲಿ ಹೆಸರು ನೋಡಿದೆ. ಅಡ್ಡಹೆಸರು ಒಂದೇ ಇತ್ತು, ಬಾಯಿಗೆ ಬಂದದ್ದು ಅಂದುಬಿಟ್ಟೆ. ಇವರು ಯಾರೋ, ನಾನು ಯಾರೋ. ನನಗೆ ಯಾರೂ ಇಲ್ಲ, ಅದಕ್ಕೆ ಹಾಗಂದೆ. ತಪ್ಪಾಯ್ತು ಮೇಡಂ.”

ಟೆಸ್ಸಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಇಡೀ ಬೆಳಗಿನ ಅತ್ಯಂತ ಪ್ರಾಮಾಣಿಕವಾದ ಮಾತು ಇದೇ ಎಂದು ಪಿಸುಗುಟ್ಟಿ, ಕಾಗದದ ಮೇಲೆ ‘ಸತ್ಯ’ ಎಂದು ಬರೆದು ಕೆಳಗೆ ಗೆರೆ ಎಳೆದಳು. ನೊಮೊಂಡೆ ತಲೆ ತಗ್ಗಿಸಿದಳು. ಪಾಪ, ಮುದುಕ, ಎಂದು ಯಾರೋ ಅಂದರು.

ಮಾರ್ಟಿ ಏಪ್ರನ್ನಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕುಳಿತಿದ್ದಳು.

“ಹಾಗಾದರೆ ನೀವೂ ಅಲ್ಲ” ಎಂದಳು. “ಇರಲಿ ಬಿಡಿ.”

ಅವಳು ಖಾಲಿ ಬಟ್ಟಲುಗಳನ್ನು ಎತ್ತಿಕೊಳ್ಳಲು ಬಾಗಿದಳು. ಹೆರ್ಮನ್ ಪಾರಾದ. ಸುಳ್ಳು ಭದ್ರವಾಗಿತ್ತು, ಸಂಸಾರ ಭದ್ರವಾಗಿತ್ತು. ಒಂದು ನಿಮಿಷ ಬಾಯಿ ಬಿಗಿಹಿಡಿದಿದ್ದರೆ ಎಲ್ಲ ಮುಗಿಯುತ್ತಿತ್ತು. ಅವನು ನೆವಿಲ್‌ನನ್ನು ದುರುಗುಟ್ಟಿ ನೋಡಿದ. ಆಮೇಲೆ ಬಂದ ದನಿ ಅತಿಥಿಗೃಹದ ಯಜಮಾನನದಲ್ಲ. ಅದು ವೂಸ್ಟರಿನ ಹಿಂದಿನ ಬೀದಿಯದು.

“ಕೂತ್ಕೊಳ್ಳೋ ಕತ್ತೆ” ಎಂದ. “ಹುಟ್ಟಿದಾಗಿನಿಂದ ಇವನಿಗೆ ನೆಟ್ಟಗೆ ಒಂದು ಸುಳ್ಳು ಹೇಳೋಕೆ ಬರಲ್ಲ. ಅಂಜೂರ ಕದೀತಿದ್ದೋನು ನಾನು. ‘ನಾನೇ ಕದ್ದೆ’ ಅಂತ ಮುಂದೆ ಹೋಗಿ ಬೆನ್ನು ಕೊಡ್ತಿದ್ದೋನು ಇವನು. ಅಜ್ಜಿ ಒಂದು ದಿನವೂ ನಂಬಲಿಲ್ಲ. ಇವನಿಗೆ ಎರಡು ಹೊಡೆದು, ಆಮೇಲೆ ನನ್ನನ್ನ ಹುಡುಕ್ಕೊಂಡು ಬರೋಳು.”

ಬಟ್ಟಲುಗಳ ಸದ್ದು ನಿಂತಿತು.

“ನೀವು ಹುಟ್ಟೋ ಮೊದಲೇ ನಿಮ್ಮಜ್ಜಿ ಹೋದರು ಅಂದಿದ್ರಿ” ಎಂದಳು ಮಾರ್ಟಿ.

“ನನಗೆ ಹದಿನೆಂಟಾದಾಗ ಹೋದಳು. ನಾನು ಮಣ್ಣಿಗೆ ಹೋಗಲಿಲ್ಲ.”

ಟೆಸ್ಸಾ ಬಾಯಿ ತೆರೆದಳು. ಪರಸ್ಪರ ಕೈ ಹಿಡಿದುಕೊಳ್ಳೋಣ ಎಂದು ಹೇಳುವವಳಿದ್ದಳೆಂದು ತೋರುತ್ತದೆ. ನೊಮೊಂಡೆ ಅವಳ ಕೈಯಿಂದ ಪೆನ್ನನ್ನು ಮೆಲ್ಲನೆ ತೆಗೆದುಕೊಂಡಳು. ಮದುವೆಯ ಮನೆಯಲ್ಲಿ ಜಗಳ ಕೇಳಿಸಿಕೊಂಡ ನೆಂಟರ ಹಾಗೆ ಎಲ್ಲರೂ ಒಬ್ಬೊಬ್ಬರಾಗಿ ಹೊರಗಿನ ಮರದಡಿಗೆ ಸರಿದರು. ಅಲ್ಲಿ ಸೇರಿದ ಮೇಲೆ, ಹಿಂದಿನ ವರ್ಷದಂತೆಯೇ, ಬಿಳಿಯರು ಒಂದು ಮರದಡಿ, ಕರಿಯರು ಇನ್ನೊಂದು ಮರದಡಿ ನಿಂತದ್ದನ್ನು ಯಾರೂ ಗಮನಿಸಲಿಲ್ಲ. ಫ್ರಿಕ್ ಮಾತ್ರ ಎರಡರ ನಡುವಿನ ಬಿಸಿಲಲ್ಲಿ ಹೂಗುಚ್ಛ ಹಿಡಿದು ನಿಂತಿದ್ದ. ಅದನ್ನು ಯಾರಿಗೆ ಹಿಂದಿರುಗಿಸಬೇಕೆಂದು ಅವನಿಗೆ ತಿಳಿದಿರಲಿಲ್ಲ.

ಪಡಸಾಲೆಯಲ್ಲಿ ಮೂವರು ಉಳಿದರು, ಮತ್ತು ವರ್ತುಲವಾಗಿ ಇಟ್ಟ ಖಾಲಿ ಕುರ್ಚಿಗಳು. ಮಾರ್ಟಿ ಗಂಡನ ಕಡೆ ನೋಡಲಿಲ್ಲ. ಒಂದು ಕುರ್ಚಿಯನ್ನು ಎಳೆದು, ಅವನಿಗೆ ಬೆನ್ನು ಹಾಕಿ, ನೆವಿಲ್‌ನ ಎದುರು ಕುಳಿತಳು. ಅವಳು ಮಾತಾಡಿದಾಗ ಅದರಲ್ಲಿ ಬಣ್ಣದ ವಿಷಯವೇ ಇರಲಿಲ್ಲ.

“ಇವರ ಅಪ್ಪ ಅಮ್ಮ ಮೊದಲೇ ತೀರಿಕೊಂಡಿದ್ರು. ನಮ್ಮ ಮದುವೆಯ ದಿನ ಚರ್ಚಿನಲ್ಲಿ ಗಂಡಿನ ಕಡೆ ಬೆಂಚುಗಳೆಲ್ಲ ಖಾಲಿ ಇದ್ವು. ನಮ್ಮಪ್ಪ ನನ್ನ ಸೋದರಮಾವಂದಿರನ್ನ ಕರೆದು ಆ ಕಡೆ ಕೂರಿಸಿದ್ರು, ನೋಡಿದೋರು ಏನಂದಾರು ಅಂತ. ನಾನು ಒಳಗೆ ನಡ್ಕೊಂಡು ಬರುವಾಗ ನೋಡಿದ್ದು ಅದೊಂದೇ.” ಅವಳು ಮೂಗು ಒರೆಸಿಕೊಂಡಳು. “ಅಲ್ಲಿ ಯಾರ್ಯಾರು ಕೂರಬೇಕಾಗಿತ್ತು, ಹೇಳಿ. ಮೊದಲನೇ ಬೆಂಚಿನಿಂದ.”

ಅವಳ ಮದುವೆಯ ಕಾಲಕ್ಕೆ ಅವರಲ್ಲಿ ಒಬ್ಬರಿಗೂ ಆ ಚರ್ಚಿನ ಮೆಟ್ಟಿಲು ಹತ್ತುವ ಹಾಗಿರಲಿಲ್ಲ ಎಂದು ನೆವಿಲ್ ಹೇಳಬಹುದಾಗಿತ್ತು. ಹೇಳಲಿಲ್ಲ. ಮೊದಲನೇ ಬೆಂಚಿನಲ್ಲಿ ತನ್ನ ತಂದೆ ಜೋಸೆಫ್‌ನನ್ನು ಕೂರಿಸಿದ. ಅಪ್ಪ ಬಡಗಿ, ಕೋಟು ಒಂದೇ ಇತ್ತು, ಕಂದು ಬಣ್ಣದ್ದು.

“ಬೂದು ಬಣ್ಣದ್ದು” ಎಂದ ಹೆರ್ಮನ್ ಹಿಂದಿನಿಂದ.

“ನಿಮ್ಮನ್ನ ಕೇಳಲಿಲ್ಲ” ಎಂದಳು ಮಾರ್ಟಿ, ತಿರುಗದೆ.

ನೆವಿಲ್ ಮುಂದುವರಿದ. ಅಪ್ಪನ ಪಕ್ಕ ಅಮ್ಮ, ಅವಳು ದೇವರ ಹಾಡನ್ನು ಎಲ್ಲರಿಗಿಂತ ಒಂದು ಸಾಲು ಮುಂಚೆಯೇ ಮುಗಿಸುತ್ತಿದ್ದಳು. ಎರಡನೆಯದರಲ್ಲಿ ಡೋರತಿ ಅತ್ತೆ. ಅವಳ ಟೊಪ್ಪಿಗೆಯಿಂದಾಗಿ ಹಿಂದಿನವರಿಗೆ ಪಾದ್ರಿ ಕಾಣಿಸುವುದಿಲ್ಲ. ಅವಳ ಕುಂಟ ಗಂಡ ಬಾಗಿಲ ಬಳಿಯೇ ಕೂರುತ್ತಾನೆ, ಹೊಗೆಸೊಪ್ಪಿಗೆ ಹೊರಗೆ ಹೋಗಬೇಕಲ್ಲ. ಡೋರತಿ ಅತ್ತೆಗೆ ಮೂವರು ಹೆಣ್ಣುಮಕ್ಕಳು. ನಾಲ್ವರು, ಎಂದಿತು ಹಿಂದಿನ ದನಿ, ಚಿಕ್ಕವಳು ಐರೀನ್. ಮಾರ್ಟಿ ಕೈಯೆತ್ತಿ ಅದನ್ನು ತಡೆದಳು, ಆದರೆ ಐರೀನಳಿಗೂ ಜಾಗವಾಯಿತು. ಪ್ರತಿ ಹೆಸರಿಗೂ ಮಾರ್ಟಿ ಒಂದೇ ಪ್ರಶ್ನೆ ಕೇಳುತ್ತಿದ್ದಳು, ಈಗ ಎಲ್ಲಿದ್ದಾರೆ ಎಂದು. ನೆವಿಲ್ ಒಂದೇ ಉತ್ತರ ಕೊಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳುವುದನ್ನು ನಿಲ್ಲಿಸಿದಳು. ಬೆಂಚುಗಳು ತುಂಬುತ್ತಿದ್ದವು, ಪಡಸಾಲೆ ಮಾತ್ರ ಇನ್ನಷ್ಟು ಖಾಲಿಯಾಗುತ್ತಿತ್ತು.

ಕೊನೆಯ ಬೆಂಚೂ ಮುಗಿಯಿತು. ಹೊರಗೆ ಬಸ್ಸಿನ ಚಾಲಕ ಎಂಜಿನ್ ಶುರುಮಾಡಿ, ಯಾರೋ ಗದರಿದ್ದರಿಂದ ಮತ್ತೆ ಆರಿಸಿದ.

“ಮತ್ತೆ ನೀವು?” ಎಂದಳು ಮಾರ್ಟಿ. “ನೀವು ಎಲ್ಲಿ ಕೂರ್ತಿದ್ರಿ?”

“ನಾನು ಕೂರ್ತಿರಲಿಲ್ಲ ಅತ್ತಿಗೆ” ಎಂದ ನೆವಿಲ್. “ಮದುಮಗನ ಪಕ್ಕದಲ್ಲಿ ನಿಂತಿರ್ತಿದ್ದೆ.”

ಹಿಂದಿನಿಂದ ತಿದ್ದುಪಡಿ ಬರುತ್ತದೆಂದು ಇಬ್ಬರೂ ಕಾದರು. ಬರಲಿಲ್ಲ.